ಮುಖ ಕಾಣದ ಹದಿನೇಳು ಸೆಕೆಂಡು

ಹೋದ ವಾರ ಬನ್ನೂರಿನಲ್ಲಿ ಒಂದು ಗೃಹಪ್ರವೇಶದ ಆರ್ಡರ್ ಇತ್ತು. ನರಸೀಪುರದಲ್ಲಿ ಬಸ್ಸು ಬದಲಿಸಿ ಕಿಟಕಿ ಪಕ್ಕ ಕೂತಿದ್ದೆ. ಎರಡು ಸ್ಟಾಪು ದಾಟಿದ ಮೇಲೆ ಒಬ್ಬ ಹೆಂಗಸು ಭತ್ತದ ಪೈರಿನ ಕಟ್ಟುಗಳನ್ನು ಗೋಣಿಚೀಲದಲ್ಲಿ ತುಂಬಿಕೊಂಡು ಹತ್ತಿದಳು. ಯಾರದೋ ಗದ್ದೆಗೆ ಪೈರು ಸಾಲದೆ ಬಂದಿರಬೇಕು. ಚೀಲವನ್ನು ನನ್ನ ಕಾಲ ಬುಡದಲ್ಲೇ ಇಟ್ಟು, "ವಸಿ ಕಾಲೆತ್ಕಳಿ ಸಾ, ಪ್ಯಾಂಟು ಕೆಸ್ರಾದದು" ಅಂದಳು. ಆಗತಾನೆ ಕಿತ್ತ ಪೈರು. ಬೇರಿಗೆ ಅಂಟಿದ ಕೆಸರು ಇನ್ನೂ ತೊಟ್ಟಿಕ್ಕುತ್ತಿತ್ತು. ಆ ವಾಸನೆ ಮೂಗಿಗೆ ಬಡಿಯಿತು. ಮುಂದಿನ ಸ್ಟಾಪಿನಲ್ಲಿ ಕ್ಯಾಮೆರಾ ಬ್ಯಾಗು ಎತ್ತಿಕೊಂಡು ಇಳಿದುಬಿಟ್ಟೆ. ಕಂಡಕ್ಟರು, "ಬನ್ನೂರ್ಗೆ ಟಿಕೆಟ್ ತಗೊಂಡಿದ್ರಲ್ಲ ಸಾ?" ಎಂದು ಕೂಗಿದ. ಕೇಳಿಸದವನ ಹಾಗೆ ನಡೆದೆ. ಆ ಬಸ್ಸು ಇನ್ನು ಹತ್ತು ನಿಮಿಷಕ್ಕೆ ನಮ್ಮಕ್ಕನ ಊರಿನ ಗದ್ದೆ ಬಯಲು ದಾಟುತ್ತದೆ. ಈಗ ನಾಟಿಯ ಕಾಲ. ರಸ್ತೆ ಪಕ್ಕದ ಗದ್ದೆಗಳಲ್ಲೇ ಹೆಂಗಸರು ಸಾಲಾಗಿ ಬಗ್ಗಿರುತ್ತಾರೆ. ಅವರಲ್ಲೊಬ್ಬಳ ಕಣ್ಣಿಗೆ ಬೀಳುವ ಧೈರ್ಯ ನನಗಿಲ್ಲ.

ನಾನು ನಂಜನಗೂಡಿನಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡವನು. ಇಪ್ಪತ್ತೆರಡು ವರ್ಷದಿಂದ ಮದುವೆ, ನಾಮಕರಣ, ತಿಥಿ, ಎಲ್ಲ ತೆಗೆದಿದ್ದೇನೆ. ಈಚೆಗೆ ಡ್ರೋನೂ ಉಂಟು. ಇಷ್ಟು ಹೇಳಿದರೆ ಸಾಕು. ಅಕ್ಕನ ಊರಿನ ಹೆಸರು ಬರೆಯುವುದಿಲ್ಲ. ಅದನ್ನು ಅಲ್ಲಿಯ ಕೊಲೆಗಳ ಮೇಲೆ ಸಿನಿಮಾ ತೆಗೆದವರು ದಪ್ಪ ಕೆಂಪಕ್ಷರದಲ್ಲಿ ಬರೆದಾಗಿದೆ. ಕೊಂದವನ ಹೆಸರನ್ನೂ ಬರೆಯುವುದಿಲ್ಲ. ಸಿನಿಮಾದಲ್ಲಿ ಅದು ಎಷ್ಟು ಸಲ ಬರುತ್ತದೆ ಎಂದರೆ, ಸತ್ತವರ ಹೆಸರುಗಳನ್ನು ಒಟ್ಟಿಗೆ ಒಂದು ಸಲವಾದರೂ ಹೇಳುವುದಕ್ಕೆ ಅವರಿಗೆ ಪುರಸೊತ್ತೇ ಸಿಗಲಿಲ್ಲ. ನಾನಾದರೂ ಹೇಳುತ್ತೇನೆ: ಜಯಮ್ಮ, ನಾಗಮ್ಮ, ಸಾಕಮ್ಮ.

ಜಯಮ್ಮ ಅವನ ಹೆಂಡತಿ. ಹೊಡೆತ ತಾಳಲಾರದೆ ತವರಿಗೆ, ಅಂದರೆ ನಮ್ಮಕ್ಕನ ಊರಿಗೆ, ಬಂದು ಆರು ತಿಂಗಳಾಗಿತ್ತು. ಅಲ್ಲಿ ನಾಟಿಯ ಹೆಂಗಸರದ್ದು ಮುಯ್ಯಾಳಿನ ಪದ್ಧತಿ. ಇವತ್ತು ನನ್ನ ಗದ್ದೆಗೆ ನೀವೆಲ್ಲ ಇಳಿದರೆ ನಾಳೆ ನಿಮ್ಮ ಗದ್ದೆಗೆ ನಾನು ಇಳಿಯುತ್ತೇನೆ. ಕೂಲಿಯ ಮಾತಿಲ್ಲ. ಹೀಗೆ ಹನ್ನೊಂದು ಜನರ ಒಂದು ಗುಂಪು. ಅದರ ಮುಂದಾಳು ನಮ್ಮಕ್ಕ ರತ್ನಮ್ಮ. ಗಂಡನ ಬಿಟ್ಟು ಬಂದವಳೆಂದು ಊರು ಮೂಗು ಮುರಿಯುವಾಗ ಆ ಗುಂಪು ಜಯಮ್ಮನಿಗೆ ಸಾಲಿನಲ್ಲಿ ಜಾಗ ಕೊಟ್ಟಿತು. ಅವನಿಗೆ ತಡೆಯದೆ ಹೋದದ್ದು ಅದೇ. ವಾರಕ್ಕೆರಡು ಸಲ ಅತ್ತೆಯ ಊರಿಗೆ ಬರುತ್ತಿದ್ದ. ಟೀ ಅಂಗಡಿಯಲ್ಲಿ ಕೂತು, ಯಾರ ಗದ್ದೆಯಲ್ಲಿ ಯಾವತ್ತು ನಾಟಿ ಎಂದು ವಿಚಾರಿಸುತ್ತಿದ್ದ. "ಸಾಲ್ನಾಗೆ ನಿಂತ್ಕಂಡವ್ಳಲ್ಲ, ಸಾಲ್ನಾಗೇ ಮಲಗುಸ್ತೀನಿ" ಎನ್ನುತ್ತಿದ್ದ. ಕೂತ ಗಂಡಸರು ನಗುತ್ತಿದ್ದರು. ಶ್ರಾವಣದ ಒಂದು ಬೆಳಿಗ್ಗೆ ಮಚ್ಚು ಹಿಡಿದು ಗದ್ದೆಗೆ ಇಳಿದ. ಜಯಮ್ಮ, ಅವಳ ಎಡಕ್ಕಿದ್ದ ನಾಗಮ್ಮ, ಬಲಕ್ಕಿದ್ದ ಸಾಕಮ್ಮ, ಮೂವರೂ ಹೋದರು. ಆಮೇಲೆ ಅವನು ನಾಲೆಗೆ ಹಾರಿಕೊಂಡು ಸತ್ತ.

ಅದರಿಂದ ಕೋರ್ಟು ಇಲ್ಲ, ವಾದ ಇಲ್ಲ, ತೀರ್ಪು ಇಲ್ಲ. ಸಾಕ್ಷಿ ಹೇಳುತ್ತೇವೆಂದು ಕಾದಿದ್ದ ಹೆಂಗಸರ ಮಾತು ಕೇಳುವುದಕ್ಕೆ ಎಲ್ಲೂ ಒಂದು ಕಟಕಟೆ ಇರಲಿಲ್ಲ. ಒಂದು ವರ್ಷದ ಮೇಲೆ ಸಿನಿಮಾದವರು ಬಂದಾಗ ಆ ಹೆಂಗಸರು ಅಷ್ಟು ಬೇಗ ಒಪ್ಪಿಕೊಂಡದ್ದು ಆ ಕಾರಣಕ್ಕೆ. ಸಿನಿಮಾದವರನ್ನು ಕರೆದುಕೊಂಡು ಹೋದವನು ನಾನು.

ನಿರ್ದೇಶಕ ಮುಂಬೈಯವನು. ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ತಪ್ಪನ್ನೆಲ್ಲ ಊರಾಚೆಯವನ ತಲೆಗೆ ಕಟ್ಟಿ ನಾನು ಕೈ ತೊಳೆದುಕೊಳ್ಳುವುದು ಸುಲಭ. ಮನೆಯೊಳಗೆ ಚಪ್ಪಲಿ ಬಿಡದೆ ಬರುತ್ತಿರಲಿಲ್ಲ. ಮುದುಕಿಯರಿಗೆ ಕೈ ಮುಗಿಯುತ್ತಿದ್ದ. ನನ್ನನ್ನು ಹುಡುಕಿಕೊಂಡು ಬಂದದ್ದು, ಆ ಕೊಲೆಗಾರನ ಮದುವೆಯ ವಿಡಿಯೋ ತೆಗೆದವನು ನಾನೇ ಎಂದು ಗೊತ್ತಾಗಿ. ಹೌದು, ಜಯಮ್ಮನ ಮದುವೆ ತೆಗೆದವನು ನಾನೇ. ಆರತಕ್ಷತೆಯಲ್ಲಿ ಅವಳು ಗೆಳತಿಯರ ಜೊತೆ ನಗುತ್ತಿದ್ದಾಗ ಅವನು ಅವಳ ರಟ್ಟೆ ಹಿಡಿದು ಜಗ್ಗಿ ತನ್ನ ಕಡೆ ತಿರುಗಿಸಿದ್ದ. ಅವಳ ಮುಖ ಬಿಳಿಚಿಕೊಂಡಿತ್ತು. ಮದುವೆ ವಿಡಿಯೋದಲ್ಲಿ ಮುನಿಸು ಇರಬಾರದು ಅಂತ ನಾನು ಅದನ್ನು ಕತ್ತರಿಸಿ ಎಸೆದಿದ್ದೆ. ಈ ಕಸುಬಿನಲ್ಲಿ ಎಲ್ಲರೂ ಮಾಡುವುದೇ ಅದು. ನಿರ್ದೇಶಕನಿಗೆ ಆ ಕಥೆ ಹೇಳಿದಾಗ ಅವನು ನನ್ನ ಭುಜ ತಟ್ಟಿ, "ನೀನು ಈ ಸಿನಿಮಾಕ್ಕೆ ಬೇಕೇ ಬೇಕು" ಎಂದ. ಕೊನೆಯಲ್ಲಿ ನನ್ನ ಹೆಸರು ಹಾಕುತ್ತೇವೆ ಎಂದ. ನನಗೆ ನೆಲ ಕಾಣಲಿಲ್ಲ.

ಆ ನಾಟಿಯ ಕಾಲವಿಡೀ, ಐದು ವಾರ, ನಾನು ಅವರ ಜೊತೆಗಿದ್ದೆ. ಮಳೆ ಜೋರಿಲ್ಲ, ಬಿಡುವುದೂ ಇಲ್ಲ. ದಿನವಿಡೀ ಜಿಟಿಜಿಟಿ. ನಾಲೆಯಲ್ಲಿ ನೀರು ತುಂಬಿತ್ತು. ಬದುಗಳ ಮೇಲೆ ನಡೆದರೆ ಪಾದ ಹೂತುಹೋಗುವಷ್ಟು ಕೆಸರು. ಮೇಲಿನ ಗದ್ದೆಯವರು ಮಡಿ ತುಂಬಿಸಿ ಬಿಟ್ಟ ನೀರು ಕೆಳಗಿನ ಗದ್ದೆಗೆ ಇಳಿಯುವ ಸದ್ದು ಮೈಕಿನಲ್ಲಿ ಸೇರಿಕೊಂಡು ಸೌಂಡಿನ ಹುಡುಗಿ ತಲೆ ಚಚ್ಚಿಕೊಳ್ಳುತ್ತಿದ್ದಳು. ನಾನು ಕೊಡೆ ಹಿಡಿದೆ, ಊಟ ಹೊಂದಿಸಿದೆ, ಕನ್ನಡವನ್ನು ಹಿಂದಿ ಮಾಡಿದೆ, ಹಿಂದಿಯನ್ನು ಕನ್ನಡ ಮಾಡಿದೆ. ಎಲ್ಲಕ್ಕಿಂತ ಹೆಚ್ಚಾಗಿ, ಬಾಗಿಲು ತೆರೆಸಿದೆ. ರತ್ನಮ್ಮನ ತಮ್ಮ ಅಂದರೆ ಆ ಊರಲ್ಲಿ ಯಾರೂ ಇಲ್ಲ ಅನ್ನುವುದಿಲ್ಲ.

ಮೊದಲನೇ ದಿನವೇ ಒಂದು ಹೇಸಿಗೆ ಕೆಲಸ ಮಾಡಿದೆ. ಜಯಮ್ಮನ ತಾಯಿ ಮಗಳ ಸೀರೆ ತೊಡೆಯ ಮೇಲಿಟ್ಟುಕೊಂಡು ಮಾತಾಡುತ್ತ ಅತ್ತಳು. ಅತ್ತು ಮುಗಿದ ಮೇಲೆ ನೋಡಿದರೆ ಮೈಕು ಆನ್ ಆಗಿರಲಿಲ್ಲ. ನಿರ್ದೇಶಕ, ಬಿಡು, ನಾಳೆ ನೋಡೋಣ ಎಂದ. ನಾನು ಬಿಡಲಿಲ್ಲ. ಧಾರೆ ಎರೆಯುವಾಗ ಫ್ಲಾಶ್ ಕೈಕೊಟ್ಟರೆ ಪುರೋಹಿತರಿಗೇ "ಇನ್ನೊಂದ್ಸಲ ಸ್ವಾಮಿ" ಅನ್ನುವವನು ನಾನು. ಅದೇ ದನಿಯಲ್ಲಿ, "ಅಜ್ಜಿ, ಮೊದ್ಲಿಂದ ಇನ್ನೊಂದ್ಸಲ ಯೋಳವ್ವ" ಅಂದೆ. ಆ ಮುದುಕಿ ನನ್ನ ಮುಖ ನೋಡಿದಳು. ಸೀರೆ ಮಡಿಸಿ ಮೊದಲಿದ್ದ ಹಾಗೇ ಇಟ್ಟುಕೊಂಡು, ಮೊದಲಿಂದ ಹೇಳಿ, ಮೊದಲಿನ ಹಾಗೇ ಅತ್ತಳು. ಹೊರಗೆ ಬಂದು ಸೌಂಡಿನ ಹುಡುಗಿ ನನ್ನ ಜೊತೆ ಮಾತು ಬಿಟ್ಟಳು. ನನಗೆ ಆಗ ಯಾಕೆಂದೇ ಹೊಳೆಯಲಿಲ್ಲ. ಥೂ ನನ್ನ ಜನ್ಮಕ್ಕೆ.

ಟೀ ಅಂಗಡಿಯ ಗಂಡಸರು ಏಳು ಜನ ಕ್ಯಾಮೆರಾ ಮುಂದೆ ಕೂತರು. ಏಳು ಜನರೂ ಹೇಳಿದ್ದು ಒಂದೇ. "ಉಚ್ಚು ಸಾ. ಅವ್ನಿಗೆ ಉಚ್ಚು ಇಡ್ದಿತ್ತು. ಇಲ್ದಿದ್ರೆ ಯಾರಾರ ಇಂಗ್ ಮಾಡಾರಾ?" ಅವರಲ್ಲಿ ನಮ್ಮ ಭಾವನೂ ಒಬ್ಬ. ಅವರು ಹಾಗೆ ಹೇಳಿದ್ದು ಯಾಕೆ ಅಂತ ನನಗೆ ಗೊತ್ತಿತ್ತು. ಹುಚ್ಚು ಅಂದರೆ ಯಾರ ಕೈಯಲ್ಲೂ ಇಲ್ಲದ್ದು, ಗಾಳಿ ಮಳೆ ಇದ್ದ ಹಾಗೆ. ಹುಚ್ಚಲ್ಲ ಅಂದರೆ, ಆರು ತಿಂಗಳು ಅವನ ಮಾತು ಕೇಳಿ ನಕ್ಕವರು ಏನಾಗುತ್ತಾರೆ? ಜಯಮ್ಮನ ಬಗ್ಗೆಯೂ ಇಬ್ಬರು ಏನೇನೋ ಅಂದರು. ಮೊಬೈಲು ಹಿಡಿದು ತಿರುಗುತ್ತಿದ್ದಳು, ಬಾಯಿ ಜೋರು, ಹಾಗೆ ಹೀಗೆ. ಅದನ್ನೂ ಒಂದಕ್ಷರ ಬಿಡದೆ ಹಿಂದಿ ಮಾಡಿಕೊಟ್ಟೆ.

ಅಕ್ಕನ ಸರದಿ ಬಂದಾಗ ಅವಳು ಗದ್ದೆಯಿಂದ ನೇರ ಬಂದಿದ್ದಳು. ಮೊಣಕಾಲುದ್ದ ಕೆಸರು. ಕುರ್ಚಿ ಬೇಡವೆಂದು ಜಗಲಿಯ ಮೇಲೆ ಕೂತಳು.

"ತಲೆ ಕೆಟ್ಟಿತ್ತು ಅಂತ ಊರೆಲ್ಲ ಅಂತದೆ," ಎಂದು ಶುರು ಮಾಡಿದಳು. "ಅದ್ಯಾವ ತಲೆ ಕಾಣೆ. ನಾಲೆ ಏರಿ ಮ್ಯಾಲೆ ನಾಕು ಜನ ಗಂಡಸ್ರು ನಿಂತಿದ್ರು. ಅವ್ರನ್ನ ದಾಟ್ಕಂಡು ಬಂದ. ಅವ್ರ ಮೈ ಮುಟ್ನಿಲ್ಲ. ಉಚ್ಚಾಗಿದ್ರೆ ಎಂಗಸ್ರು ಯಾರು, ಗಂಡಸ್ರು ಯಾರು ಅಂತ ನೋಡ್ಕಂಡು ಒಡೀತಿದ್ನಾ? ಅಷ್ಟು ಜನದಾಗೆ ಜಯನ್ನ ಉಡಿಕ್ಕಂಡು ಓದ. ಅವ್ಳ ಪಕ್ಕದಾಗೆ ಯಾಕೆ ನಿಂತ್ಕಂಡ್ರಿ ಅಂತ ಅವ್ರಿಬ್ರನ್ನೂ ಮುಗುಸ್ದ. ಆರು ತಿಂಗ್ಳಿಂದ ಯೋಳ್ಕಂಡೇ ಬಂದಿದ್ನಲ್ಲ, ನಾವ್ ಪೋಲೀಸ್ಗೂ ಯೋಳಿದ್ವಿ. ಯಾರು ಕೇಳುದ್ರು?"

ನಿರ್ದೇಶಕ ಆಮೇಲೆ ನನಗೆ, "ಇವರ ಮಾತೇ ಸಿನಿಮಾದ ಬೆನ್ನೆಲುಬು" ಎಂದ. ನಿಜವಾಗಿಯೂ ಹಾಗೇ ಅಂದುಕೊಂಡಿದ್ದನೋ ಏನೋ. ನಾಲ್ಕು ದಿನಕ್ಕೆ ಅವರ ಕಂಪನಿಯ ಫೋನು ಬಂತು. ಗದ್ದೆ ಬದುವಿನ ಮೇಲೆ ಆಚೆ ಈಚೆ ತಿರುಗುತ್ತ ಮುಕ್ಕಾಲು ಗಂಟೆ ಮಾತಾಡಿದ. ಬಂದು ನನ್ನ ಪಕ್ಕ ನಿಂತು ಸಿಗರೇಟು ಹಚ್ಚಿದ. ಅವರಿಗೆ ಕೊಲೆಗಾರನ ಮನಸ್ಸಿನ ಒಳಗೆ ಹೋಗಬೇಕಂತೆ. ಅದು ಹೇಗಿರುತ್ತದೆಂದು ನೋಡುವವರಿಗೆ ಅನುಭವ ಆಗಬೇಕಂತೆ. ಬೆಂಗಳೂರಿನಲ್ಲಿ ಒಬ್ಬ ತಜ್ಞರು ಮಾತಾಡಲು ಒಪ್ಪಿದ್ದಾರಂತೆ. ಆ ತಜ್ಞರು ಅವನನ್ನು ಕಂಡವರಲ್ಲ, ಚಿಕಿತ್ಸೆ ಕೊಟ್ಟವರಲ್ಲ. ಅವನು ಜನ್ಮದಲ್ಲಿ ಯಾವ ಮನೋವೈದ್ಯರ ಬಾಗಿಲೂ ತುಳಿದವನಲ್ಲ. ನಿರ್ದೇಶಕ ಹೊಗೆ ಬಿಡುತ್ತ ಕೇಳಿದ: "ಈ ಊರಿನಲ್ಲಿ ಮಾನಸಿಕ ಕಾಯಿಲೆ ಇರುವವರು ಯಾರಾದರೂ ಇದ್ದಾರಾ?"

ಅವನ ಬಾಯಿಂದ ಮಾತು ಪೂರ್ತಿ ಬರುವ ಮುಂಚೆಯೇ ನಾನು, "ಇದ್ದಾರೆ ಸಾರ್" ಅಂದೆ. ಒಳ್ಳೆಯ ಲೊಕೇಶನ್ ತೋರಿಸುವವನ ಹುರುಪು ನನಗೆ.

ಚಿಕ್ಕತಾಯಿ. ಅಕ್ಕನ ಗುಂಪಿನ ಹನ್ನೊಂದು ಜನರಲ್ಲಿ ಒಬ್ಬಳು. ನಲವತ್ತೈದು ದಾಟಿತ್ತು. ಗಂಡ ಇಲ್ಲ. ಮಗಳು ಮದುವೆಯಾಗಿ ತಗಡೂರಿನಲ್ಲಿದ್ದಾಳೆ. ಹತ್ತು ಗುಂಟೆ ಗದ್ದೆ. ಹದಿನಾಲ್ಕು ವರ್ಷದ ಕೆಳಗೆ ಅವಳ ಕಿವಿಯಲ್ಲಿ ಯಾರೋ ಮಾತಾಡುವುದಕ್ಕೆ ಶುರುವಾಗಿ, ಊಟ ಬಿಟ್ಟು, ನಿದ್ದೆ ಬಿಟ್ಟು, ಮೂಲೆ ಸೇರಿದ್ದಳು. ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ನಮ್ಮಕ್ಕನೇ. ಅಲ್ಲಿಂದ ಈಚೆಗೆ ತಿಂಗಳಿಗೊಂದು ದಿನ ನರಸೀಪುರಕ್ಕೆ ಬಸ್ಸಿನಲ್ಲಿ ಹೋಗಿ ಮಾತ್ರೆ ತರುತ್ತಿದ್ದಳು. ಊರಿಗೆಲ್ಲ ಗೊತ್ತು, ಮುಚ್ಚುಮರೆ ಇರಲಿಲ್ಲ. ಗದ್ದೆಯಲ್ಲಿ ಹೆಂಗಸರು, "ಚಿಕ್ತಾಯವ್ವ, ಮಾತ್ರೆ ನುಂಗ್ದಾ?" ಎಂದರೆ, "ನಾನ್ ನುಂಗಿವ್ನಿ, ನೀ ಶುಗರ್ದು ನುಂಗ್ದಾ?" ಎಂದು ತಿರುಗಿ ಕೇಳುತ್ತಿದ್ದಳು. ನಾಟಿಯಲ್ಲಿ ಅವಳಷ್ಟು ಕೈ ಚುರುಕು ಯಾರದ್ದೂ ಇಲ್ಲ. ಸಾಲಿನ ತುದಿ ಯಾವಾಗಲೂ ಅವಳದ್ದೇ. ಅವನು ಮಚ್ಚು ಹಿಡಿದು ಬಂದ ದಿನ ನಮ್ಮಕ್ಕನ ತೋಳು ಹಿಡಿದು ಬದುವಿನಾಚೆ ಎಳೆದು ಹಾಕಿದವಳೂ ಅವಳೇ. ಅಂಥವಳನ್ನು ನಾನು ತೋರಿಸಿಕೊಟ್ಟೆ.

ಕೇಳಲು ಹೋದಾಗ ಚಿಕ್ಕತಾಯಿ ಅಲಸಂದೆಕಾಯಿ ಬಿಡಿಸುತ್ತಿದ್ದಳು. "ನನ್ನ ಯಾಕಪ್ಪ ಸಿನಿಮಾ ತೆಗೀತಾರೆ?" ಅಂದಳು.

"ನಿನ್ ತರ ಕಾಯಿಲೆ ಇರೋರು ಮಾತ್ರೆ ತಗೊಂಡು ಎಷ್ಟು ಚೆನ್ನಾಗಿ ಬದುಕ್ತಾರೆ ಅಂತ ನಾಕು ಜನಕ್ಕೆ ಗೊತ್ತಾಗ್ಲಿ ಅಂತ ಕಣವ್ವ" ಅಂದೆ. ಹಾಗಂತ ನನಗೆ ಯಾರೂ ಹೇಳಿರಲಿಲ್ಲ. ನಾನೇ ಹೊಸೆದದ್ದು.

ಅವಳ ಮುಖ ಅರಳಿತು. ಮಗಳು ಕೊಡಿಸಿದ ಹಸಿರು ಸೀರೆ ಉಟ್ಟುಕೊಂಡು ಬಂದು ಹನ್ನೊಂದು ನಿಮಿಷ ಮಾತಾಡಿದಳು. ಎಲ್ಲೂ ತಡವರಿಸಲಿಲ್ಲ. "ಕಾಯಿಲೆ ಅದೆ ನಂಗೆ. ಕಿವೀಲಿ ಯಾರಾರೋ ಮಾತಾಡ್ತಿದ್ರು. ಈಗ ಕಮ್ಮಿ. ಬಂದ್ರೂ ಬಂತು ಅನ್ಕತೀನಿ, ನನ್ನ ಕೆಲ್ಸ ನಾ ಮಾಡ್ತೀನಿ. ಇಷ್ಟು ವರ್ಸದಾಗೆ ಒಂದು ಇರುವೆಗೂ ನೋವ್ ಮಾಡಿಲ್ಲ. ಅವ್ನಿಗೆ ಈ ಕಾಯಿಲೆ ಇತ್ತು ಅಂತಾರಲ್ಲ, ಅದು ನಮ್ಗೆ ಅವ್ಮಾನ. ಅವ್ನಿಗೆ ಯಾರೂ ಕಿವೀಲಿ ಯೋಳಿಲ್ಲ ಕಣಪ್ಪ. ಅವ್ನೇ ಎಲ್ಲಾರ ಕಿವಿಗೂ ಯೋಳ್ತಿದ್ದ." ಕೊನೆಗೆ ಕ್ಯಾಮೆರಾಕ್ಕೆ ಕೈಮುಗಿದು, ಯಾರಿಗಾದರೂ ಹೀಗಾದರೆ ದೇವರು ದಿಂಡಿರು ಅಂತ ತಿರುಗಬೇಡಿ, ದೊಡ್ಡಾಸ್ಪತ್ರೆಗೆ ಹೋಗಿ ಅಂದಳು.

ಇಂಗ್ಲಿಷಿನಲ್ಲಿದ್ದ ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿಸಬೇಕಿತ್ತು. ಮೂರು ಪುಟ. "ಏನಪ್ಪ ಇದು?" ಅಂದಳು. "ಏನಿಲ್ಲ, ನೀನು ಬಂದಿದ್ದೆ ಅನ್ನೋದಕ್ಕೆ" ಅಂದೆ. ಒಂದೊಂದೇ ಅಕ್ಷರ ಬಿಡಿಸಿ ಕನ್ನಡದಲ್ಲಿ ಹೆಸರು ಬರೆದಳು. ಆ ಕಾಗದದಲ್ಲಿ ಏನಿದೆಯೆಂದು ನಾನು ಓದಿದ್ದೆ. ಅವಳ ಚಿತ್ರವನ್ನು ಎಲ್ಲಿ, ಹೇಗೆ, ಎಷ್ಟು ಕಾಲ ಬೇಕಾದರೂ ಬಳಸಬಹುದು, ಅವಳು ಕೇಳುವ ಹಾಗಿಲ್ಲ ಎಂದಿತ್ತು.

ಮಾರನೇ ಬೆಳಿಗ್ಗೆ ನಾಲೆಯ ಏರಿಯ ಮೇಲೆ ಅವಳನ್ನು ನಡೆಸಿದರು. ಬರಿಗಾಲು, ಬಿಚ್ಚುಗೂದಲು, ಮಾಸಲು ಸೀರೆ. ಸ್ವಲ್ಪ ದೂರ ನಡೆಯಬೇಕು, ನಿಲ್ಲಬೇಕು, ನೀರು ನೋಡಬೇಕು, ಮತ್ತೆ ನಡೆಯಬೇಕು. "ಕೂದ್ಲು ಬುಟ್ಕಂಡು ಯಾವ ಎಂಗಸು ಗದ್ದೆಗೆ ಓಯ್ತಾಳ್ಲಾ?" ಎಂದು ಬಿದ್ದು ಬಿದ್ದು ನಕ್ಕಳು. "ಸಿನಿಮಾ ಅಲ್ವಾ ಚಿಕ್ತಾಯವ್ವ" ಅಂದೆ. ನಗು ತಡೆದುಕೊಂಡು ನಾಲ್ಕು ಸಲ ನಡೆದಳು. ಕ್ಯಾಮೆರಾ ಹಿಂದಿನಿಂದ. ಮನಸ್ಸಿನಲ್ಲಿ ಏನೋ ಚುಚ್ಚಿ ನಿರ್ದೇಶಕನನ್ನು ಕೇಳಿದೆ. "ಮುಖ ಕಾಣುವುದಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ" ಅಂದ. ಸಮಾಧಾನವಾಯಿತು.

ಅವನು ಮುಂಬೈಯವನು, ಹಾಗೆ ಅಂದುಕೊಳ್ಳಬಹುದು. ನನಗೆ ಏನಾಗಿತ್ತು ಧಾಡಿ? ನಾಟಿ ಮಾಡುವವರು ದಿನವಿಡೀ ಬಗ್ಗಿ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾರೆ. ಮುಖ ಕೆಸರಿನ ಕಡೆ. ಬದುವಿನ ಮೇಲೆ ಬುತ್ತಿ ತರುವವರಿಗೆ, ಪೈರಿನ ಕಟ್ಟು ಎಸೆಯುವವರಿಗೆ ಕಾಣುವುದು ಬೆನ್ನುಗಳು ಮಾತ್ರ. ಆ ಊರಿನಲ್ಲಿ ಎಂಟು ವರ್ಷದ ಕೂಸು ಕೂಡ ಹನ್ನೊಂದು ಬೆನ್ನುಗಳಲ್ಲಿ ತನ್ನವ್ವನ ಬೆನ್ನು ಯಾವುದೆಂದು ದೂರದಿಂದಲೇ ಹೇಳುತ್ತದೆ. ಅಲ್ಲಿಯವರು ಒಬ್ಬರನ್ನೊಬ್ಬರು ಹಿಂದಿನಿಂದಲೇ ಬಲ್ಲರು. ಅಕ್ಕನ ಊರಿಗೆ ಇಪ್ಪತ್ತು ವರ್ಷ ಬುತ್ತಿ ಹೊತ್ತ ನನಗೆ ಇದು ತಿಳಿಯದ್ದೇನಲ್ಲ. ತಿಳಿದಿದ್ದೂ ಮುಂಬೈಯವನ ಮಾತಿಗೆ ತಲೆಯಾಡಿಸಿದೆ. ಕೊನೆಯಲ್ಲಿ ನನ್ನ ಹೆಸರು ಬರಬೇಕಿತ್ತಲ್ಲ.

ಸಿನಿಮಾ ಮಾರ್ಚಿನಲ್ಲಿ ಬಂತು. ಥಿಯೇಟರಿನಲ್ಲಲ್ಲ, ಮೊಬೈಲಿನ ಆಪಿನಲ್ಲಿ. ಸ್ಟುಡಿಯೋದ ದೊಡ್ಡ ಟಿವಿಗೆ ಹಾಕಿ ಒಬ್ಬನೇ ಕೂತು ನೋಡಿದೆ. ನಮ್ಮ ಗದ್ದೆಗಳನ್ನು ಅಷ್ಟು ಚಂದವಾಗಿ ನಾನೇ ಕಂಡಿರಲಿಲ್ಲ. ಮೇಲಿನಿಂದ ಹಸಿರು, ಆಮೇಲೆ ಆ ಹಸಿರು ಮೆಲ್ಲಗೆ ಕೆಂಪಾಗುವುದು, ಕಾಗೆ, ಎದೆ ಬಡಿತದ ಸದ್ದು. ಜಯಮ್ಮನ ವೇಷಕ್ಕೆ ಯಾರೋ ತೆಳ್ಳಗಿನ ಹುಡುಗಿ, ತುಟಿಗೆ ಬಣ್ಣ, ಕೈಯಲ್ಲಿ ಮೊಬೈಲು, ಕನ್ನಡಿ ಮುಂದೆ ತನಗೆ ತಾನೇ ನಗುವವಳು. ಏಳು ಗಂಡಸರು ಒಬ್ಬರಾದ ಮೇಲೊಬ್ಬರು "ಉಚ್ಚು" ಎಂದರು. ಅಕ್ಕ ಬಂದಳು. "ತಲೆ ಕೆಟ್ಟಿತ್ತು ಅಂತ ಊರೆಲ್ಲ ಅಂತದೆ" ಅಂದಳು. ಅಲ್ಲಿಗೆ ಕತ್ತರಿ. ಮುಂದಿನ ಒಂದು ಮಾತೂ ಇಲ್ಲ. ಅಷ್ಟನ್ನೇ ಕೇಳಿದರೆ ಅವಳೂ ಆ ಗಂಡಸರ ಸಾಲಿಗೆ ಸೇರಿದವಳು. ಬೆಂಗಳೂರಿನ ತಜ್ಞರು, "ಇಂಥ ವ್ಯಕ್ತಿಯ ಮನಸ್ಸಿನಲ್ಲಿ ಹೀಗೆ ಇರಬಹುದು" ಎಂದು ಶುರು ಮಾಡಿದರು. ಅವರ ದನಿ ಹಿಂದೆ ಸರಿದು ತೆರೆಯ ಮೇಲೆ ಚಿಕ್ಕತಾಯಿ ನಡೆದಳು. ನಾಲೆ ಏರಿ, ಬಿಚ್ಚುಗೂದಲು. ನಿಂತಳು, ನೀರು ನೋಡಿದಳು. ಪಿಸುಮಾತುಗಳ ಸದ್ದು ಸೇರಿಸಿದ್ದರು. ಬಣ್ಣ ಕಂದು. ಹದಿನೇಳು ಸೆಕೆಂಡು. ಅವಳ ಹನ್ನೊಂದು ನಿಮಿಷದ ಮಾತಿನ ಒಂದಕ್ಷರವೂ ಇರಲಿಲ್ಲ.

ಅದನ್ನು ನೋಡಿದ ಮೇಲೆ ನಾನು ಏನು ಮಾಡಿದೆನೆಂದು ಬರೆಯದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ಕೊನೆಯವರೆಗೂ ಕಾದೆ. ಹೆಸರುಗಳ ಪಟ್ಟಿಯಲ್ಲಿ ನನ್ನದು ಬಂದಾಗ ನಿಲ್ಲಿಸಿ ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದೆ. ಎಂಬತ್ತು ಜನ ಹೆಬ್ಬೆರಳು ಒತ್ತಿದರು.

ಆ ಹದಿನೇಳು ಸೆಕೆಂಡನ್ನು ಯಾರೋ ತುಂಡು ಮಾಡಿ ಊರಿನ ಗ್ರೂಪಿಗೆ ಹಾಕಿದ್ದರು. ಆ ಬೆನ್ನು ಯಾರದೆಂದು ಒಂದೇ ದಿನದಲ್ಲಿ ಎಲ್ಲರಿಗೂ ಗೊತ್ತಾಯಿತು. ಹದಿನಾಲ್ಕು ವರ್ಷ ಅವಳ ಮಾತ್ರೆಯನ್ನು ಶುಗರ್ ಮಾತ್ರೆಯಷ್ಟೇ ಹಗುರವಾಗಿ ಕಂಡಿದ್ದ ಊರು, ಮೊದಲ ಸಲ ಅವಳನ್ನೂ ಕೊಂದವನನ್ನೂ ಒಟ್ಟಿಗೆ ಇಟ್ಟು ನೋಡಿತು. ಮಕ್ಕಳನ್ನು ಅವಳ ಜಗಲಿಗೆ ಬಿಡುವುದು ನಿಂತಿತು. ಮಂಚದ ಕೆಳಗಿದ್ದ ಕುಡುಗೋಲನ್ನು ಪಕ್ಕದ ಮನೆಯವಳು, ನನಗೆ ಬೇಕಿತ್ತು ಎಂದು ಇಸಿದುಕೊಂಡು ಹೋಗಿ ವಾಪಸು ಕೊಡಲಿಲ್ಲ. ಜಗಳ ಇಲ್ಲ, ಬೈಗುಳ ಇಲ್ಲ. ನಾಟಿ ಬಂತು. ಯಾರೂ ಅವಳನ್ನು ಮುಯ್ಯಾಳಿಗೆ ಕರೆಯಲಿಲ್ಲ. ತಾನೇ ಹೋಗಿ ಗದ್ದೆಗೆ ಇಳಿದ ದಿನ, ಅವಳ ಪಕ್ಕ ನಿಂತವರು ಮೆಲ್ಲಗೆ ಆಚೆ ಸರಿದರು. ಕೈಯಲ್ಲಿದ್ದ ಪೈರಿನ ಕಟ್ಟನ್ನು ಬದುವಿನ ಮೇಲಿಟ್ಟು ಮನೆಗೆ ಹೋದಳಂತೆ. ಆಮೇಲೆ ಆಸ್ಪತ್ರೆಗೆ ಹೋಗುವುದನ್ನೂ ಬಿಟ್ಟಳು. ಬಸ್ಸಿನಲ್ಲಿ ಎಲ್ಲರೂ ನೋಡುತ್ತಾರೆ ಅಂದಳಂತೆ. ದಸರಾದ ಹೊತ್ತಿಗೆ ಮತ್ತೆ ಮೂಲೆ ಸೇರಿದ್ದಳು. ಮಗಳು ಬಂದು ಮೈಸೂರಿಗೆ ಕರೆದುಕೊಂಡು ಹೋದಳು. ಎರಡು ತಿಂಗಳು ಅಲ್ಲೇ ಇದ್ದಳು.

ಇದನ್ನೆಲ್ಲ ಅಕ್ಕ ಫೋನಿನಲ್ಲಿ ಹೇಳಿದಾಗ ನಾನು ಚಿಕ್ಕಯ್ಯನಛತ್ರದ ಒಂದು ಮದುವೆ ಮಂಟಪದಲ್ಲಿದ್ದೆ. ವಾಲಗದ ಗಲಾಟೆಯಿಂದ ಹೊರಗೆ ಬಂದು ಕೇಳಿಸಿಕೊಂಡೆ. ಅಕ್ಕ ಅಳಲಿಲ್ಲ. "ಲೇ, ಅವತ್ತು ನನ್ನ ಕೈ ಇಡ್ದು ಎಳ್ದವ್ಳು ಅವ್ಳು ಕಣ್ಲಾ. ನಿಂಗೆ ಅಕ್ಕ ಅಂತ ಒಬ್ಳು ಉಳ್ದಿದ್ರೆ ಅದು ಅವ್ಳಿಂದ. ಬಂದು ಮಕ ತೋರ್ಸು," ಎಂದಳು. ಬರುತ್ತೇನೆ ಅಂದೆ. ಸೀಸನ್ ಮುಗಿಯಲಿ ಅಂದೆ. ಯುಗಾದಿ ಆಗಲಿ ಅಂದೆ. ಚಿಕ್ಕತಾಯಿಯ ಹನ್ನೊಂದು ನಿಮಿಷದ ಪ್ರತಿ ನನ್ನ ಕಂಪ್ಯೂಟರಿನಲ್ಲೇ ಇತ್ತು, ಅವತ್ತಿನ ಕೆಲಸ ಅವತ್ತೇ ಇಳಿಸಿಕೊಳ್ಳುವುದು ನನ್ನ ರೂಢಿ. ಅದನ್ನು ಆಗಲೇ ಊರಿಗೆಲ್ಲ ತೋರಿಸಿದ್ದರೆ ಏನಾಗುತ್ತಿತ್ತೋ. ಆ ಮೂರು ಪುಟದ ಕಾಗದಕ್ಕೆ ಹೆದರಿ, ಮುಂದೆ ಇನ್ನೊಂದು ಸಿನಿಮಾಕ್ಕೆ ಕರೆಯಬಹುದೆಂಬ ಆಸೆಗೆ ಬಿದ್ದು, ಸುಮ್ಮನಿದ್ದೆ.

ಕೊನೆಗೆ ಹೋದದ್ದು ಮುಂದಿನ ವರ್ಷ, ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ. ಚಿಕ್ಕತಾಯಿ ಮತ್ತೆ ಮಾತ್ರೆಗೆ ಹತ್ತಿದ್ದಳು. ಮುಖ ಸ್ವಲ್ಪ ಊದಿಕೊಂಡಿತ್ತು, ಬೆರಳು ನಡುಗುತ್ತಿತ್ತು. ಅಕ್ಕ ನನ್ನನ್ನು ಬಾಗಿಲವರೆಗೆ ಬಿಟ್ಟು ಒಳಗೆ ಬರಲಿಲ್ಲ. ಮಧ್ಯಾಹ್ನ. ನಡುಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಹನ್ನೊಂದು ನಿಮಿಷವನ್ನೂ ತೋರಿಸಿದೆ. ಗಲ್ಲಕ್ಕೆ ಕೈ ಕೊಟ್ಟು ನೋಡಿದಳು. ಹಸಿರು ಸೀರೆಯ ಹೆಂಗಸು ಮಾತಾಡುತ್ತಿದ್ದರೆ ಇವಳ ತುಟಿಯೂ ಅಲ್ಲಾಡುತ್ತಿತ್ತು.

"ಇಷ್ಟೆಲ್ಲ ಯೋಳಿದ್ನಾ ನಾನು?" ಅಂದಳು. "ಚೆಂದಾಗಿ ಯೋಳಿವ್ನಿ, ಅಲ್ವಾ?"

"ಚೆನ್ನಾಗಿ ಹೇಳಿದ್ದೀಯ ಕಣವ್ವ."

"ಮತ್ತೆ ಯಾಕಪ್ಪ ಆಕ್ನಿಲ್ಲ?"

ಊರಿಗೆಲ್ಲ ತೋರಿಸಲಾ ಎಂದು ಕೇಳಿದೆ. ಪಂಚಾಯಿತಿ ಮುಂದೆ ದೊಡ್ಡ ಪರದೆ ಕಟ್ಟುತ್ತೇನೆ, ನಾನೇ ಎಲ್ಲರ ಮುಂದೆ ತಪ್ಪಾಯಿತು ಅನ್ನುತ್ತೇನೆ ಎಂದೆ. ಆ ಮಾತಂತೂ ಮನಸ್ಸಿನಿಂದಲೇ ಬಂದದ್ದು. ಅವಳು ತಲೆ ಅಡ್ಡ ಆಡಿಸಿದಳು.

"ಬ್ಯಾಡ. ಮತ್ತೆ ಎಲ್ಲಾರೂ ನನ್ನ ನೋಡೋದು ಬ್ಯಾಡ ಕಣಪ್ಪ. ಅಳುಸ್ಬುಡು."

ಅವಳ ಎದುರಿಗೇ ಅಳಿಸಿದೆ. ಸೆರಗು ಸರಿಮಾಡಿಕೊಂಡು ಕೇಳಿದಳು: "ಅವ್ರ ತಾವ ಇರೋದು? ಆ ಕೂದ್ಲು ಬುಟ್ಕಂಡು ಓಯ್ತೀನಲ್ಲ, ಅದು?"

ಆಗುವುದಿಲ್ಲ ಅನ್ನಬೇಕಿತ್ತು. ನೀನು ಹೆಸರು ಬರೆದ ಕಾಗದದಲ್ಲಿ ಅದನ್ನೂ ಬರೆದುಕೊಟ್ಟಿದ್ದೀಯ, ಬರೆಸಿದವನು ನಾನೇ ಅನ್ನಬೇಕಿತ್ತು. ನಾನು, "ಅದ್ನೂ ತೆಗೆಸ್ತೀನಿ ಕಣವ್ವ" ಅಂದುಬಿಟ್ಟೆ. ಅವಳು ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು.

ನಿರ್ದೇಶಕನಿಗೆ ಬರೆದೆ. ಎರಡು ಸಾಲಿನ ಉತ್ತರ ಬಂತು. ಅವನಿಗೆ ನಿಜವಾಗಿಯೂ ಬೇಜಾರಾಗಿದೆ, ಆದರೆ ಸಿನಿಮಾ ಈಗ ಕಂಪನಿಯ ಸ್ವತ್ತು, ತನ್ನ ಕೈಯಲ್ಲಿಲ್ಲ. ಕಂಪನಿಗೆ ಮೂರು ಸಲ ಬರೆದೆ. ಉತ್ತರವಿಲ್ಲ. ಇದನ್ನು ಅವಳಿಗೆ ಹೇಳಲು ಹೊರಟಾಗಲೇ ಅಕ್ಕನ ಫೋನು ಬಂತು. ಆ ವರ್ಷದ ನಾಟಿಗೆ ಹೆಂಗಸರು ಚಿಕ್ಕತಾಯಿಯನ್ನು ಮತ್ತೆ ಸೇರಿಸಿಕೊಂಡಿದ್ದರು. ಅವಳೇ ಒಂದೊಂದು ಮನೆಗೂ ಹೋಗಿ, ಆ ಸಿನಿಮಾ ಸುಳ್ಳಂತೆ, ರತ್ನಮ್ಮನ ತಮ್ಮ ಅದನ್ನು ತೆಗೆಸುತ್ತಿದ್ದಾನೆ, ಸುಳ್ಳಲ್ಲದಿದ್ದರೆ ಯಾಕೆ ತೆಗೆಯುತ್ತಾರೆ ಎಂದು ಹೇಳಿಕೊಂಡು ಬಂದಿದ್ದಳಂತೆ. ನನ್ನ ಆ ಒಂದು ಮಾತಿನ ಮೇಲೆ ಅವಳು ಈಗ ಸಾಲಿನಲ್ಲಿ ನಿಂತಿದ್ದಾಳೆ. ನಿಜ ಹೇಳಿದರೆ ಅವಳ ಕಾಲ ಕೆಳಗಿನ ನೆಲ ಹೋಗುತ್ತದೆ. ಹೇಳದಿದ್ದರೆ ಇನ್ನೊಂದು ಸುಳ್ಳು. ಎರಡು ನಾಟಿ ದಾಟಿತು. ಇದು ಮೂರನೆಯದು.

ಮೊನ್ನೆ ಅಕ್ಕ ಫೋನು ಮಾಡಿದ್ದಳು. ಹಿಂದೆ ನೀರಿನ ಸದ್ದು, ಹೆಂಗಸರ ನಗು. ಊಟಕ್ಕೆ ಬದುವಿನ ಮೇಲೆ ಕೂತಿದ್ದರು. ಫೋನನ್ನು ಚಿಕ್ಕತಾಯಿ ಇಸಿದುಕೊಂಡಳು.

"ತೆಗುದ್ರಾ ಮಗ?"

"ಇನ್ನೇನು ಆಯ್ತು ಕಣವ್ವ. ಮಾತಾಡ್ತಾ ಇದೀನಿ."

"ಆಗ್ಲಿ ಬುಡು. ನಿಂಗೂ ನೂರೆಂಟು ಕೆಲ್ಸ ಇರ್ತದೆ," ಎಂದಳು. ಆಮೇಲೆ ಪಕ್ಕದವರಿಗೂ ಕೇಳುವ ಹಾಗೆ ದನಿ ಏರಿಸಿ, "ನೀ ಯೋಳುದ್ಮ್ಯಾಲೆ ಆಗೇ ಆಯ್ತದೆ ಅಂತ ನಾ ಎಲ್ಲಾರ್ಗೂ ಯೋಳಿವ್ನಿ" ಎಂದಳು.